ಸಂತೆ ಹೊಂಡದಾಗೆ ಎತ್ತಿದ ಕಸ ಸೋಮವಾರಕ್ಕೆ ವಾಪಸ್ ಬರ್ತೈತೆ, ಏನ್ ಮಾಡಣ ಹೇಳಿ ದುರ್ಗದೋರೇ

ಹೊಂಡದ_ಬೀದಿ · ಭಾನುವಾರ ಮಧ್ಯಾಹ್ನ 2:10

ಎಲ್ರಿಗೂ ನಮಸ್ಕಾರ. ನಾನು ಚಿತ್ರದುರ್ಗದೋಳು, ಸಂತೆ ಹೊಂಡಕ್ಕೂ ನಮ್ಮನೆಗೂ ನಾಲ್ಕು ಹೆಜ್ಜೆ. ಒಂದೂವರೆ ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ನಾವೊಂದಷ್ಟು ಜನ, ಒಂದ್ಸಲ ಎಂಟು ಜನ ಇದ್ರೆ ಒಂದ್ಸಲ ಹದಿನೈದು, ಮೆಟ್ಟಿಲಿಗೆ ಇಳಿದು ಕಸ ಎತ್ತುತಾ ಇದೀವಿ. ನೀರಿನ ಬಾಟ್ಲಿ, ಥರ್ಮಾಕೋಲ್ ತಟ್ಟೆ, ಕಟ್ಟಿದ ಪ್ಲಾಸ್ಟಿಕ್ ಕವರ್ ಒಳಗೆ ಬಾಡಿದ ಹೂವಿನ ಹಾರ, ಮಕ್ಕಳ ಡೈಪರ್, ಗಾಜು ಒಡೆದ ದೇವರ ಫೋಟೋ. ಫೋಟೋಗಳಂತೂ ಪ್ರತಿ ವಾರ ಸಿಗ್ತಾವೆ, ಕೈಯಲ್ಲಿ ಎತ್ತಿಕೊಂಡಾಗ ಎಲ್ಲಿ ಇಡಬೇಕು ಅಂತ ಗೊತ್ತಾಗಲ್ಲ.

ಇವತ್ತು ಹನ್ನೊಂದು ಚೀಲ ತುಂಬಿಸಿದ್ವಿ. ಆದ್ರೆ ಮೊನ್ನೆ ರಾತ್ರಿ ಮಳೆ ಬಂದಿತ್ತಲ್ಲ, ಹೋದ ವಾರ ಪೂರ್ತಿ ಖಾಲಿ ಮಾಡಿ ಬಂದಿದ್ದ ಮೂಲೇಲಿ ಮತ್ತೆ ಅಷ್ಟೇ ಕಸ ನಿಂತಿತ್ತು. ನಮ್ ಜೊತೆ ಬರೋ ಕಾಲೇಜು ಹುಡುಗಿ ಒಬ್ಬಳು ಸುಮ್ನೆ ಮೆಟ್ಟಿಲ ಮೇಲೆ ಕೂತುಬಿಟ್ಲು, ಅಳೋದೊಂದು ಬಾಕಿ. ನಮ್ಮಜ್ಜಿ ಈ ಮೆಟ್ಟಿಲ ಮೇಲೆ ಕೂತು ಕಾಲು ತೊಳೆದು ಬಿಂದಿಗೆ ತುಂಬಿಸಿಕೊಂಡು ಬರ್ತಿದ್ದೆ ಅಂತ ಹೇಳೋಳು. ನಾನು ಈಗ ಅದೇ ಮೆಟ್ಟಿಲಿಗೆ ಮೂಗಿಗೆ ಬಟ್ಟೆ ಕಟ್ಕೊಂಡು ಇಳೀತೀನಿ.

ಜಾಲರಿ ಹಾಕಿಸಬೇಕಾ, ಬೇಲಿ ಹಾಕಿ ಗೇಟಿಗೆ ಬೀಗ ಹಾಕಬೇಕಾ, ಇಲ್ಲ ಇನ್ನೇನಾದ್ರೂ ದಾರಿ ಐತಾ? ಅನುಭವ ಇರೋರು ಹೇಳಿ. ಬರೋ ಭಾನುವಾರಕ್ಕೆ ಜನಾನೂ ಬೇಕು.

ಗ್ಯಾರೇಜ್_ದುರ್ಗ · 2:18

ಕ್ಯಾಮೆರಾ ಹಾಕ್ಸಿ, ಕಸ ಎಸೆದೋರಿಗೆ ದಂಡ ಹಾಕ್ಸಿ. ಬೇರೆ ಯಾವ ಭಾಷೇನೂ ನಮ್ ಜನಕ್ಕೆ ಅರ್ಥ ಆಗಲ್ಲ.

ಸಿಹಿನೀರು · 2:31

ಬೇಲಿ ಮಾತ್ರ ಬೇಡ. ಬೇಲಿ ಹಾಕಿದ ದಿನದಿಂದ ಅದು ನಮ್ಮದಲ್ಲ ಅನ್ನೋ ಭಾವನೆ ಬಂದುಬಿಡ್ತೈತೆ, ಹೊರಗಿನಿಂದ ಕವರ್ ಎಸೆಯೋದು ಇನ್ನೂ ಸಲೀಸು. ಜನ ದಿನಾ ಇಳಿದು ಹತ್ತಿ ಮಾಡೋ ಜಾಗದಾಗೆ ಕಸ ಹಾಕಾಕೆ ಹಿಂಜರೀತಾರೆ. ನೀವು ಮಾಡ್ತಿರೋ ಕೆಲಸಕ್ಕೆ ಕೈ ಮುಗೀತೀನಿ ಅಕ್ಕ, ಬರೋ ವಾರ ನಾನೂ ನಮ್ಮೆಜಮಾನ್ರೂ ಬರ್ತೀವಿ.

ಕೋಟೆ_ಮೆಟ್ಟಿಲು · 3:05

ಹೊಂಡದ_ಬೀದಿ ಅವರೇ, ಜಾಲರಿ ಬೇಲಿ ಆಮೇಲೆ ನೋಡಣ, ಮೊದಲು ಆ ಹೊಂಡಕ್ಕೆ ನೀರು ಎಲ್ಲಿಂದ ಬರ್ತಿತ್ತು ಅನ್ನೋದು ನೋಡಿ. ನಾನು ಇಪ್ಪತ್ತು ವರ್ಷದಿಂದ ಕೋಟೆ ಹತ್ತಿ ಇಳಿದು ಮಾಡ್ತಿರೋನು. ನಮ್ ದುರ್ಗದಾಗೆ ದೊಡ್ಡ ನದಿ ಇಲ್ಲ, ಮಳೇನೂ ಕಮ್ಮಿ, ಆದ್ರೂ ಪಾಳೇಗಾರರ ಕಾಲದಾಗೆ ಕೋಟೆ ಒಳಗಿದ್ದೋರು ನೀರಿಗೆ ಒದ್ದಾಡಲಿಲ್ಲ. ಯಾಕೆ ಅಂದ್ರೆ ಬಂಡೆ ಮೇಲೆ ಬಿದ್ದ ಒಂದು ಹನೀನೂ ಪೋಲಾಗಕ್ಕೆ ಬಿಡ್ತಿರಲಿಲ್ಲ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕ ತಂಗಿ ಹೊಂಡಕ್ಕೆ, ಅದು ತುಂಬಿದ್ರೆ ಕೆಳಗೆ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಸಂತೆ ಹೊಂಡಕ್ಕೆ. ಒಂದರ ಹೆಚ್ಚುವರಿ ಇನ್ನೊಂದಕ್ಕೆ. ಕುಡಿಯೋ ನೀರು ಮೇಲೆ, ಬಳಸೋ ನೀರು ಕೆಳಗೆ, ಅಷ್ಟು ಲೆಕ್ಕಾಚಾರ.

ಈಗ ಆ ದಾರಿ ಮೇಲೆಲ್ಲ ಮನೆ, ಅಂಗಡಿ, ರಸ್ತೆ ಬಂದಾವೆ. ನೀರಿನ ದಾರಿ ಇವತ್ತಿಗೂ ಅದೇ, ಹರಿಯೋದು ಮಾತ್ರ ಬೇರೆ. ಮೊನ್ನೆ ಮಳೇಲಿ ನಿಮ್ ಮೂಲೆಗೆ ಬಂದಿದ್ದು ಮೆಟ್ಟಿಲ ಮೇಲೆ ನಿಂತು ಎಸೆದ ಕಸ ಅಲ್ಲ, ಮೇಲಿನ ಬೀದಿ ಚರಂಡಿಯೆಲ್ಲ ತೊಳಕೊಂಡು ಬಂದಿದ್ದು. ಅಲ್ಲಿ ನಿಲ್ಲಿಸದೆ ಇಲ್ಲಿ ಎತ್ತುತಾ ಇದ್ರೆ ಸಾಯೋತನಕ ಎತ್ತುತಾ ಇರಬೇಕು.

ಹಳೇ_ಮೇಷ್ಟ್ರು · 3:20

ಮೇಲಿನವರು ಹೇಳಿದ್ದು ಸರಿ, ಒಂದು ಸಣ್ಣ ತಿದ್ದುಪಡಿ. ಸಂತೆ ಹೊಂಡಕ್ಕೆ ಕೋಟೆ ಕಡೆಯ ನೀರು ಬರುತ್ತಿದ್ದುದು ನಿಜ, ಆದರೆ ಸುತ್ತಲಿನ ತಗ್ಗಿನ ಮಳೆ ನೀರೂ ಸೇರುತ್ತಿತ್ತು. ಬರೀ ಕೋಟೆಯ ಕಾಲುವೆ ಸರಿಮಾಡಿದರೆ ಸಾಲದು, ಸುತ್ತಲಿನ ಬೀದಿಗಳನ್ನೂ ಲೆಕ್ಕಕ್ಕೆ ತಗೊಳ್ಳಬೇಕು. 1779ರಲ್ಲಿ ಹೈದರಾಲಿ ಕೋಟೆ ಹಿಡಿದ ಕಥೆ ಎಲ್ಲ ಮಕ್ಕಳಿಗೂ ಬಾಯಿಪಾಠ. ಆ ಕೋಟೆಯೊಳಗಿನ ಜನ ಏನು ಕುಡಿದು ಅಷ್ಟು ದಿನ ತಡೆದುಕೊಂಡರು ಅಂತ ಕೇಳಿದರೆ ತರಗತಿಯಲ್ಲಿ ಒಂದು ಕೈಯೂ ಮೇಲೇಳುತ್ತಿರಲಿಲ್ಲ. ಅದನ್ನು ಒತ್ತಿ ಕಲಿಸದೆ ಬಿಟ್ಟಿದ್ದರಲ್ಲಿ ನನ್ನ ತಪ್ಪೂ ಇದೆ.

ಪೈಪು_ಕೆಲಸ · 3:44

ನಾನು ಪ್ಲಂಬರು. ಇಲ್ಲಿ ಎಲ್ರೂ ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕು ಅಂತಾರೆ, ಅದು ಕಣ್ಣಿಗೆ ಕಾಣ್ತೈತೆ ಅದಕ್ಕೆ. ಕಣ್ಣಿಗೆ ಕಾಣದೆ ಇರೋದು ಹೇಳ್ತೀನಿ ಕೇಳಿ. ಹಳೇ ಬೀದಿಗಳಾಗೆ ಎಷ್ಟೋ ಮನೆಗೆ ಸರಿಯಾದ ಸೆಪ್ಟಿಕ್ ಟ್ಯಾಂಕೇ ಇಲ್ಲ, ಇದ್ರೂ ಒಂದು ಗುಂಡಿ ತೋಡಿ ಅದರ ಓವರ್‌ಫ್ಲೋ ಪೈಪನ್ನ ಸೀದಾ ಮಳೆನೀರಿನ ಚರಂಡಿಗೆ ಬಿಟ್ಟಿರ್ತಾರೆ. ಮನೆ ಮುಂದೆ ಯುಜಿಡಿ ಲೈನ್, ಅಂದ್ರೆ ನೆಲದೊಳಗಿನ ಒಳಚರಂಡಿ, ಬಂದಿದ್ರೂ ಕನೆಕ್ಷನ್ ತಗೊಳಲ್ಲ, ಯಾಕೆ ಅಂದ್ರೆ ಹೊಸದಾಗಿ ಹಾಕಿಸಿದ ಟೈಲ್ಸ್ ಒಡೀಬೇಕು, ಹತ್ತೋ ಹದಿನೈದೋ ಸಾವಿರ ಖರ್ಚು ಬರ್ತೈತೆ, ಹೆಂಗೂ ನೀರು ಹೋಗ್ತೈತಲ್ಲ ಬಿಡು ಅಂತಾರೆ. ಹೋಗೋದು ಎಲ್ಲಿಗೆ ಅಂತ ಯಾರೂ ಕೇಳಲ್ಲ. ನಾನೇ ಹಂಗೆ ಪೈಪ್ ಜೋಡಿಸಿ ಕೊಟ್ಟಿದೀನಿ, ಓನರ್ ಹೇಳಿದ ಮೇಲೆ ಮಾಡಬೇಕಿತ್ತು, ಹೊಟ್ಟೆಪಾಡು. ಈಗ ನಾಲ್ಕೈದು ವರ್ಷದಿಂದ ಆ ಕೆಲಸ ಬಂದ್ರೆ ಒಪ್ಪಲ್ಲ.

ಮಳೆಗಾಲ ಮುಗಿದು ಒಂದು ತಿಂಗಳಾದ್ರೂ ಯಾವ ಚರಂಡೀಲಿ ನೀರು ಹರೀತಾನೇ ಇರ್ತೈತೋ ಅದು ಮಳೆನೀರಲ್ಲ. ಇಷ್ಟು ತಿಳ್ಕೊಂಡ್ರೆ ಸಾಕು, ಯಾವ ಪರೀಕ್ಷೇನೂ ಬೇಡ.

ಗ್ಯಾರೇಜ್_ದುರ್ಗ · 3:52

ಕೊನೇ ಸಾಲು ಸೂಪರ್ ಅಣ್ಣ.

ಮಲ್ಲಾಪುರದೋನು · 4:30

ಎಲ್ಲಾ ಓದಿದೆ. ಬೇಜಾರ್ ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ನಿಮ್ ಹೊಂಡ ಕ್ಲೀನ್ ಆಗ್ಲಿ ಅಂತ ನನಗೂ ಆಸೆ, ಆದ್ರೆ ಇಲ್ಲೀತನಕ ಒಬ್ಬರಾದ್ರೂ ಮಲ್ಲಾಪುರ ಕೆರೆ ಹೆಸರು ಎತ್ತಿದ್ರಾ? ಸಿಟಿ ಕೊಳಚೆ ಎಲ್ಲಾ ಹರಕೊಂಡು ಬಂದು ನಿಲ್ಲೋದು ನಮ್ ಕೆರೇಲಿ. ಹೊಸಪೇಟೆ ರಸ್ತೇಲಿ ಗಾಡಿ ಓಡಿಸ್ಕೊಂಡು ಹೋಗೋರೆಲ್ಲ ಕೆರೆ ಬಂದ ತಕ್ಷಣ ಕಿಟಕಿ ಗಾಜು ಏರಿಸ್ಕೋತಾರೆ, ಎರಡು ನಿಮಿಷಕ್ಕೆ ದಾಟಿ ಹೋಗ್ತಾರೆ. ನಾವು ಅಲ್ಲೇ ಮಲಗಬೇಕು ಅಲ್ಲೇ ಉಣ್ಣಬೇಕು.

ನಮ್ಮಪ್ಪ ಆ ಕೆರೆ ನೀರು ಕುಡಿದೋನು. ಎಮ್ಮೆ ಮೈ ತೊಳೀತಿದ್ವಿ, ಈಜು ಕಲಿತಿದ್ದು ಅಲ್ಲೇ. ಈಗ ಎಮ್ಮೆ ಇಳಿದ್ರೆ ಕೆಚ್ಚಲಿಗೆ ಗಾಯ ಆಗ್ತಾವೆ. ತೋಟದ ಬೋರ್ ನೀರು ಬಕೀಟಿಗೆ ಹಿಡಿದು ಇಟ್ರೆ ಬೆಳಿಗ್ಗೆಗೆ ವಾಸನೆ. ಸೊಳ್ಳೆ ಕಾಟ ಹೇಳಂಗಿಲ್ಲ, ಸಂಜೆ ಐದಕ್ಕೆ ಬಾಗಿಲು ಹಾಕಬೇಕು. ಹೆಣ್ಣು ನೋಡಾಕೆ ಬಂದೋರು ಮೂಗು ಮುಚ್ಕೊಂಡು ಕಾಫೀನೂ ಕುಡೀದೆ ಎದ್ದು ಹೋಗಿದ್ದು ನಮ್ ಚಿಕ್ಕಪ್ಪನ ಮನೇಲೇ ನಡೆದೈತೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗೈತೆ. ಒಂದು ಆಫೀಸಲ್ಲಿ ಇದು ನಮಗೆ ಬರಲ್ಲ ಅಂತಾರೆ, ಅವರು ಹೇಳಿದ ಆಫೀಸಿಗೆ ಹೋದ್ರೆ ಕೆರೆ ನಮ್ದು ನೀರು ನಮ್ದಲ್ಲ ಅಂತಾರೆ.

ನೀವು ಹೊಂಡದ ಗಲೀಜು ನೀರನ್ನ ಚರಂಡಿ ತಿರುಗಿಸಿ ಮುಂದಕ್ಕೆ ಬಿಟ್ರಿ ಅಂದ್ಕೊಳ್ಳಿ, ಹೊಂಡ ಚೆಂದ ಕಾಣ್ತೈತೆ, ಫೋಟೋ ಬರ್ತೈತೆ. ಆ ನೀರು ಬರೋದು ನಮ್ ಮನೆ ಬಾಗಿಲಿಗೆ.

ಹೊಂಡದ_ಬೀದಿ · 4:51

ಅಣ್ಣ, ನೀವು ಹೇಳಿದ್ದು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗ್ಲಿಲ್ಲ. ನಿಜವಾಗ್ಲೂ ಹೇಳ್ತೀನಿ, ಅಲ್ಲೀತನಕ ನಾನು ಯೋಚನೇನೇ ಮಾಡಿರಲಿಲ್ಲ. ಕ್ಷಮಿಸಿ. ನಮ್ಮನೆ ನೀರೂ ಅಲ್ಲಿಗೇ ಬರ್ತಿರಬೇಕು. ಬರೋ ಭಾನುವಾರ ಹೊಂಡಕ್ಕೆ ಇಳಿಯೋ ಬದಲು ನಾವೆಲ್ಲ ಅಲ್ಲಿಗೆ ಬರಬಹುದಾ? ನೀವು ಜಾಗ ತೋರಿಸಿ.

ಚಳ್ಳಕೆರೆ_ಎಣ್ಣೆ · 5:02

ಅದೆಂಗೆ ಎಲ್ಲಾ ಸಿಟಿಯೋರ ಮೇಲೇ ಹಾಕ್ತೀರಾ, ಹಳ್ಳಿಯೋರು ಕೆರೆ ಅಂಗಳ ಒತ್ತಿ ಉಳುಮೆ ಮಾಡಲ್ವಾ? ಕೋಳಿ ಅಂಗಡಿ ಪುಕ್ಕ ತಂದು ಸುರಿಯೋರು ಯಾರು?

ಮಲ್ಲಾಪುರದೋನು · 5:09

ಒತ್ತುವರಿ ಮಾಡಿದೋರು ಇದಾರೆ, ನಾನು ಇಲ್ಲ ಅನ್ನಲ್ಲ, ಬಿಡಿಸಲಿ. ಆದ್ರೆ ದಿನಾ ಬೆಳಿಗ್ಗೆ ಒಂದು ಇಡೀ ಊರು ಸ್ನಾನ ಮಾಡಿದ್ದು, ಪಾತ್ರೆ ತೊಳೆದಿದ್ದು, ಕಕ್ಕಸು ತೊಳೆದಿದ್ದು ಬರೋದಕ್ಕೂ ನಾಲ್ಕು ಚೀಲ ಪುಕ್ಕಕ್ಕೂ ಹೋಲಿಸಬೇಡಿ.

ಲ್ಯಾಬ್_ಕೋಟು · 5:40

ನಾನು ನೀರು ಪರೀಕ್ಷೆ ಕೆಲಸದಲ್ಲಿ ಇರೋಳು. ಜಗಳ ಬಿಟ್ಟು ಒಂದು ಕೆಲಸ ಮಾಡಿ, ನೀರು ಅಳೆಯಿರಿ. ಗಲೀಜು ಅಂತ ಬಾಯಲ್ಲಿ ಹೇಳಿದ್ರೆ ಆಫೀಸಲ್ಲಿ ಯಾರೂ ಬರಕೊಳ್ಳಲ್ಲ, ಸಂಖ್ಯೆ ಕೊಟ್ರೆ ಬರಕೊಳ್ಳಲೇಬೇಕು.

ಎರಡು ವಿಷಯ ಮುಖ್ಯ. ಒಂದು, ನೀರಲ್ಲಿ ಕರಗಿರೋ ಆಮ್ಲಜನಕ, ಡಿಓ ಅಂತೀವಿ. ಇನ್ನೊಂದು ಬಿಓಡಿ, ಅಂದ್ರೆ ನೀರಲ್ಲಿರೋ ಕೊಳೆಯನ್ನ ತಿನ್ನೋಕೆ ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕಾಗುತ್ತೆ ಅನ್ನೋ ಲೆಕ್ಕ. ಕೊಳೆ ಜಾಸ್ತಿ ಇದ್ದಷ್ಟೂ ಬಿಓಡಿ ಜಾಸ್ತಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಾರ ಮನುಷ್ಯರು ಇಳಿದು ಸ್ನಾನ ಮಾಡಬಹುದಾದ ನೀರಲ್ಲಿ ಲೀಟರಿಗೆ ಡಿಓ 5 ಮಿಲಿಗ್ರಾಂಗೆ ಕಮ್ಮಿ ಇರಬಾರದು, ಬಿಓಡಿ 3 ಮಿಲಿಗ್ರಾಂ ದಾಟಬಾರದು. ಮೀನು ಬದುಕೋ ನೀರಿಗೆ ಡಿಓ ಕನಿಷ್ಠ 4 ಬೇಕು. ಶುದ್ಧ ಮಾಡದ ಕೊಳಚೆ ನೀರಲ್ಲಿ ಬಿಓಡಿ ನೂರಾರು ಇರುತ್ತೆ, ಈಗ ಯೋಚನೆ ಮಾಡಿ.

ಸ್ಯಾಂಪಲ್ ತಗೊಳ್ಳೋದ್ರಲ್ಲಿ ಎಲ್ರೂ ತಪ್ಪು ಮಾಡ್ತಾರೆ. ಕೂಲ್‌ಡ್ರಿಂಕ್ ಬಾಟ್ಲಿ ಬೇಡ. ಲ್ಯಾಬಲ್ಲಿ ಕೇಳಿದ್ರೆ ಬಾಟ್ಲಿ ಕೊಡ್ತಾರೆ, ಗಾಳಿಗುಳ್ಳೆ ನಿಲ್ಲದ ಹಾಗೆ ಕಂಠದವರೆಗೂ ತುಂಬಿಸಿ ಮುಚ್ಚಬೇಕು, ಐಸ್ ಬಾಕ್ಸಲ್ಲಿಟ್ಟು ಅವತ್ತೇ ತಲುಪಿಸಬೇಕು. ಬಿಸಿಲಲ್ಲಿ ಬೈಕ್ ಡಿಕ್ಕಿಯಲ್ಲಿಟ್ಟು ಮಾರನೇ ದಿನ ಕೊಟ್ರೆ ಅಂಥ ರಿಪೋರ್ಟು ಯಾವ ಕೆಲಸಕ್ಕೂ ಬರಲ್ಲ. ಮತ್ತೆ ಒಂದೇ ಕಡೆ ತಗೋಬೇಡಿ. ಹೊಂಡಕ್ಕೆ ನೀರು ಬೀಳೋ ಜಾಗ, ಹೊಂಡದ ಮಧ್ಯ, ರಾಜಕಾಲುವೆ, ಕೆರೆಗೆ ಸೇರೋ ಬಾಯಿ, ಕೋಡಿ, ಹೀಗೆ ಐದು ಕಡೆ ತಗೊಂಡ್ರೆ ಎಲ್ಲಿ ಕೆಡ್ತಾ ಇದೆ ಅಂತ ತಾನಾಗೇ ಗೊತ್ತಾಗುತ್ತೆ.

ಬೆಸ್ತರ_ಕೇರಿ · 5:58

ಮೇಡಂ ಒಂದ್ ಡೌಟು, ಬೇಸಿಗೆ ಮುಗಿದು ಮೊದಲನೇ ಮಳೆ ಬಿದ್ದ ಮಾರನೇ ದಿನಾನೇ ಮೀನು ಸತ್ತು ತೇಲ್ತಾವಲ್ಲ ಯಾಕೆ? ಹೊಸ ನೀರು ಬಂದ್ರೆ ಒಳ್ಳೇದಲ್ವಾ? ನಮ್ಮೋರು ಯಾರೋ ವಿಷ ಹಾಕಿದಾರೆ ಅಂತ ಜಗಳಾನೂ ಆಡಿದಾರೆ.

ಲ್ಯಾಬ್_ಕೋಟು · 6:10

ಒಳ್ಳೇ ಪ್ರಶ್ನೆ. ಮೊದಲನೇ ಮಳೆ ತರೋದು ಹೊಸ ನೀರಲ್ಲ, ನಾಲ್ಕು ತಿಂಗಳು ಚರಂಡೀಲಿ ಒಣಗಿ ನಿಂತಿದ್ದ ಕೊಳೆ. ಅದು ಒಂದೇ ಸಲಕ್ಕೆ ನುಗ್ಗುತ್ತೆ, ತಳದ ಕೆಸರನ್ನೂ ಕದಡುತ್ತೆ, ಬ್ಯಾಕ್ಟೀರಿಯಾ ಎಲ್ಲಾ ಆಮ್ಲಜನಕ ಬಳಸಿಬಿಡ್ತಾವೆ. ರಾತ್ರಿ ಪಾಚಿ ಆಮ್ಲಜನಕ ಕೊಡಲ್ಲ, ಅದೂ ಉಸಿರಾಡುತ್ತೆ. ಬೆಳಗಿನ ಜಾವ ನಾಲ್ಕು ಐದು ಗಂಟೆಗೆ ನೀರಲ್ಲಿ ಏನೂ ಉಳಿದಿರಲ್ಲ, ಮೀನು ಮೇಲೆ ಬಂದು ಬಾಯಿ ಬಿಡ್ತಾವೆ. ವಿಷ ಹಾಕೋರು ಬೇಕಾಗಿಲ್ಲ. ಹಾಗಂತ ಎಲ್ಲಾ ಸಲಾನೂ ಇದೇ ಕಾರಣ ಅಂತಲೂ ಅಲ್ಲ, ಅದಕ್ಕೇ ಸತ್ತ ದಿನಾನೇ ನೀರು ಹಿಡಿದಿಡಬೇಕು.

ಬೆಣ್ಣೆ_ನಗರಿ · 6:33

ದಾವಣಗೆರೆಯಿಂದ ನಮಸ್ಕಾರ್ರಿ. ಕೆರೆ ಅಭಿವೃದ್ಧಿ ಅಂದ್ರ ಎಲ್ಲಾ ಕಡೆ ಒಂದೇ ನೋಡ್ರಿ, ಸುತ್ತ ಕಲ್ಲು ಕಟ್ಟೋದು, ವಾಕಿಂಗ್ ಟ್ರ್ಯಾಕು, ಬಣ್ಣದ ಲೈಟು, ನಡುವೆ ಕಾರಂಜಿ. ಕೊಕ್ಕರೆ ನಿಲ್ಲೋ ತೆಳ್ಳನ ಅಂಚನ್ನೆಲ್ಲ ಅಗೆದು ಗೋಡೆ ಕಟ್ಟಿಬಿಟ್ರ ಹಕ್ಕಿ ಎಲ್ಲಿ ಇಳೀಬೇಕ್ರಿ? ನಿಮ್ಮೂರಾಗ ದುಡ್ಡು ಬಂದ್ರ ಮೊದಲು ಕೊಳಚೆ ನೀರಿಗೆ ಹಾಕ್ರಿ ಅಂತ ಹಠ ಹಿಡೀರಿ. ಟ್ರ್ಯಾಕು ಆಮೇಲೆ ಮಾಡಬಹುದು, ನಾರೋ ನೀರಿನ ಸುತ್ತ ಯಾರು ವಾಕಿಂಗ್ ಮಾಡ್ತಾರ.

ಸಿಹಿನೀರು · 6:41

ಬೆಳಗ್ಗೆ ವಾಕಿಂಗಿಗೆ ಜಾಗಾನೂ ಬೇಕು ಸಾರ್, ಹೆಂಗಸರು ವಯಸ್ಸಾದೋರು ರಸ್ತೇಲಿ ನಡೆಯೋಕಾಗಲ್ಲ. ಜನ ದಿನಾ ಬಂದ್ರೇನೇ ಕಾವಲು ಇದ್ದಂಗೆ.

ಬೆಣ್ಣೆ_ನಗರಿ · 6:45

ಒಪ್ಪಿದೆ ಅಕ್ಕಾರೆ. ಮಣ್ಣಿನ ದಾರಿ ಸಾಕು ಅಂತೀನಿ, ಸಿಮೆಂಟ್ ಬ್ಯಾಡ.

ಗ್ಯಾರೇಜ್_ದುರ್ಗ · 6:47

ದಾವಣಗೆರೆಯೋರು ಬರ್ತಾ ದೋಸೆ ತರಬೇಕಿತ್ತು.

ಬೆಣ್ಣೆ_ನಗರಿ · 6:50

ಭಾನುವಾರ ಬರ್ತೀನ್ರಿ, ಅಲ್ಲಿ ಒಲೆ ಸಿಕ್ರ ಹಿಟ್ಟು ಬೆಣ್ಣೆ ನಂದು.

ಜೈ_ಗಣೇಶ_ದುರ್ಗ · 7:15

ಎಲ್ಲಾ ಸರಿ, ಆದ್ರೆ ಪರಿಸರ ಅಂದ್ರೆ ಕೊನೆಗೆ ಬಂದು ನಿಲ್ಲೋದು ಗಣಪತಿ ಹಬ್ಬದ ಮೇಲೇನೇ. ವರ್ಷಕ್ಕೊಂದ್ಸಲ ಬಿಡೋ ಮೂರ್ತಿಯಿಂದ ಕೆರೆ ಹಾಳಾಗ್ತೈತಾ, ವರ್ಷಪೂರ್ತಿ ಬರೋ ಕಕ್ಕಸು ನೀರಿಂದನಾ? ಅದನ್ನ ಮೊದಲು ಹೇಳಿ.

ಹಳೇ_ಮೇಷ್ಟ್ರು · 7:28

ತಮ್ಮಾ, ಇಲ್ಲಿ ಯಾರೂ ಹಬ್ಬದ ಮೇಲೆ ಬಂದಿಲ್ಲ, ನೀನು ಕೇಳಿದ್ದರಲ್ಲಿ ನ್ಯಾಯ ಇದೆ, ಕೊಳಚೆಯೇ ದೊಡ್ಡ ಪಾಲು. ಆದರೆ ಪಿಓಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ನೀರಲ್ಲಿ ಕರಗುವುದಿಲ್ಲ, ಬಣ್ಣದಲ್ಲಿ ಸೀಸದಂಥ ಲೋಹ ಇರುತ್ತದೆ, 2020ರಲ್ಲಿ ಕೇಂದ್ರ ಮಂಡಳಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಪಿಓಪಿ ಬೇಡ ಅಂತ ಇದೆ. ನಮ್ಮ ಕಾಲದಲ್ಲಿ ಕೆರೆ ಮಣ್ಣು ತಂದು ಗಣಪನನ್ನು ಮಾಡಿ ಮತ್ತೆ ಅದೇ ಕೆರೆಗೆ ಬಿಡುತ್ತಿದ್ದೆವು. ತಂದ ಮಣ್ಣು ವಾಪಸ್ ಹೋಗುತ್ತಿತ್ತು. ಈಗ ಆ ಕೆರೆಯ ಮಣ್ಣನ್ನು ಕೈಯಲ್ಲಿ ಮುಟ್ಟುವ ಹಾಗಿದೆಯಾ? ಹಬ್ಬ ಮಾಡುವವರೇ ಈ ಕೆಲಸಕ್ಕೆ ಎಲ್ಲರಿಗಿಂತ ಮುಂದೆ ನಿಲ್ಲಬೇಕು.

ಜೈ_ಗಣೇಶ_ದುರ್ಗ · 7:36

ಇದು ಒಪ್ಪೋ ಮಾತು ಸಾರ್. ನಮ್ ಬೀದಿ ಗಣಪತಿ ಹೋದ ವರ್ಷದಿಂದ ಮಣ್ಣಿಂದೇ. ನಮ್ ಹುಡುಗ್ರು ಇಪ್ಪತ್ತು ಜನ ಇದಾರೆ, ಭಾನುವಾರ ಕರಕೊಂಡು ಬರ್ತೀನಿ.

ಎಸ್‌ಪಿ_ಟ್ರೇಡರ್ಸ್ · 7:50

ಕೆರೆಗೆ ಹಾಕುವ ಬ್ಯಾಕ್ಟೀರಿಯಾ ಪುಡಿ ಲಭ್ಯ. 15 ದಿನದಲ್ಲಿ ವಾಸನೆ ಮಾಯ. ಆಸಕ್ತರು ಮೆಸೇಜ್ ಮಾಡಿ.

ಲ್ಯಾಬ್_ಕೋಟು · 7:55

ದಯವಿಟ್ಟು ಇಂಥದ್ದಕ್ಕೆ ದುಡ್ಡು ಹಾಕಬೇಡಿ. ದಿನಾ ಹೊಸ ಕೊಳಚೆ ಬರ್ತಾ ಇರೋ ನೀರಿಗೆ ಪುಡಿ ಹಾಕೋದು ತೂತಿರೋ ಬಿಂದಿಗೆಗೆ ನೀರು ಹೊಯ್ದಂಗೆ. ಅಂತರಗಂಗೆ ಕಳೇನೂ ಅಷ್ಟೇ, ಎಷ್ಟು ಸಲ ಕಿತ್ತರೂ ಎರಡು ಮೂರು ವಾರಕ್ಕೆ ದುಪ್ಪಟ್ಟಾಗುತ್ತೆ, ಅದಕ್ಕೆ ಗೊಬ್ಬರ ಕೊಡ್ತಿರೋದೇ ನಮ್ಮ ಕೊಳಚೆ ಮತ್ತು ಸೋಪಿನ ನೀರು.

ತುಂಗಭದ್ರೆ_ದಡ · 8:20

ಹರಿಹರದಿಂದ ಬರೀತಿದೀನಿ. ನಮ್ಮ ಕಡೆಯ ಒಂದು ವಿಷಯ ಹೇಳ್ತೀನಿ, ನಿಮಗೆ ಉಪಯೋಗ ಆದೀತು. 80ರ ದಶಕದಾಗ ಕಾರ್ಖಾನೆ ಕೊಳಚೆಯಿಂದ ತುಂಗಭದ್ರಾ ಕೆಟ್ಟು ಮೀನು ಸತ್ತು, ದಡದ ಹಳ್ಳಿಗಳಾಗ ದನ ಜನ ಇಬ್ಬರಿಗೂ ತೊಂದ್ರೆ ಆದಾಗ ದೊಡ್ಡ ಹೋರಾಟ ನಡೀತು. 1984ರಾಗ ಶುರುವಾದ ಸಮಾಜ ಪರಿವರ್ತನ ಸಮುದಾಯದೋರು ಮುಂದೆ ನಿಂತಿದ್ರು, ಎಸ್.ಆರ್. ಹಿರೇಮಠ ಅವರ ಹೆಸರು ನೀವೆಲ್ಲ ಕೇಳಿರ್ತೀರಿ. ನನ್ನ ತಂದೆ ಆಗ ಹುಡುಗ, ಅವರು ಹೇಳೋ ಪ್ರಕಾರ ಆ ಹೋರಾಟಕ್ಕ ಬಲ ಬಂದಿದ್ದು ಭಾಷಣದಿಂದಲ್ಲ. ದಡದ ಹಳ್ಳಿ ಹಳ್ಳಿಗೂ ಹೋಗಿ ಜನರ ಮಾತು ಕೇಳಿದ್ದರಿಂದ. ಮೀನು ಹಿಡಿಯೋರು, ಬಟ್ಟೆ ತೊಳೆಯೋರು, ದನ ಕಾಯೋರು, ಇವರಿಗೆ ನೀರು ಯಾವ ದಿನ ಯಾವ ಬಣ್ಣಕ್ಕ ತಿರುಗಿತು ಅಂತ ಗೊತ್ತಿರ್ತಿತ್ತು.

ನೀವೂ ಮಲ್ಲಾಪುರದ ಜನರನ್ನ ಕಾರ್ಯಕ್ರಮಕ್ಕ ಕರೆದು ಹಿಂದಿನ ಸಾಲಿನ ಕುರ್ಚಿ ಕೊಡಬ್ಯಾಡ್ರಿ. ಅವರೇ ಮುಂದೆ ಇರಲಿ, ನೀವು ಹಿಂದೆ ನಿಲ್ರಿ. ಹೊಳೆ ದಡದಾಗ ಹುಟ್ಟಿದೋನು ಹೇಳ್ತೀನಿ, ಕೆಳಗಿನೋರ ಮಾತು ಕೇಳದ ಹೋರಾಟ ಬಾಳಿಕೆ ಬರಂಗಿಲ್ಲ.

ಕಪ್ಪು_ಕೋಟು · 8:48

ವಕೀಲ ಆಗಿ ಎರಡು ಮಾತು. ದುಡ್ಡಿಲ್ಲ ಅನ್ನೋ ಉತ್ತರ ಬಂದ್ರೆ ಸುಮ್ಮನೆ ಎದ್ದು ಬರಬೇಡಿ. ಮಧ್ಯಪ್ರದೇಶದ ರತ್ಲಾಂ ಅನ್ನೋ ಊರಲ್ಲಿ ಬೀದಿ ಬದಿ ತೆರೆದ ಚರಂಡಿ ನಾರ್ತಿದೆ ಅಂತ ಅಲ್ಲಿನ ನಿವಾಸಿಗಳು ಮ್ಯಾಜಿಸ್ಟ್ರೇಟರ ಹತ್ರ ಹೋದ್ರು. ಅಲ್ಲಿನ ಪುರಸಭೆ ನಮ್ಮ ಹತ್ರ ಹಣ ಇಲ್ಲ ಅಂತ ಸುಪ್ರೀಂ ಕೋರ್ಟ್ ತನಕ ಹೋಯ್ತು. 1980ರಲ್ಲಿ ಜಸ್ಟಿಸ್ ಕೃಷ್ಣ ಅಯ್ಯರ್ ಅವರಿದ್ದ ಪೀಠ ಹಣದ ಕೊರತೆ ನೆಪ ಹೇಳಿ ಜನರ ಆರೋಗ್ಯದ ಕರ್ತವ್ಯದಿಂದ ತಪ್ಪಿಸಿಕೊಳ್ಳೋ ಹಾಗಿಲ್ಲ ಅಂತ ತೀರ್ಪು ಕೊಡ್ತು. ಅವರು ಬಳಸಿದ್ದು ಸಾರ್ವಜನಿಕ ಉಪದ್ರವದ ಕಲಂ, ಹಳೇ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 133. 2024ರ ಜುಲೈನಿಂದ ಹೊಸ ಸಂಹಿತೆ ಬಂದಿದೆ, ಅದರಲ್ಲಿ 152. ಸಾಮಾನ್ಯ ಜನಾನೂ ಅರ್ಜಿ ಹಾಕಬಹುದು.

ಅದಕ್ಕಿಂತ ಮುಂಚೆ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ಕೆರೆ ಯಾಕೆ ಗಲೀಜಾಗಿದೆ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರಲ್ಲ. ದಾಖಲೆ ಕೇಳಿ. ಊರಲ್ಲಿ ದಿನಕ್ಕೆ ಎಷ್ಟು ಕೊಳಚೆ ಆಗುತ್ತೆ, ಅದರಲ್ಲಿ ಎಷ್ಟು ಶುದ್ಧ ಆಗುತ್ತೆ, ಯುಜಿಡಿ ಕನೆಕ್ಷನ್ ಪಡೆದ ಮನೆ ಎಷ್ಟು, ಕೆರೆಯ ಸರ್ವೆ ನಕ್ಷೆ, ಕಳೆದ ಮೂರು ವರ್ಷದ ನೀರಿನ ಪರೀಕ್ಷಾ ವರದಿ. ಒಂದೊಂದಕ್ಕೂ ಬೇರೆ ಬೇರೆ ಅರ್ಜಿ ಹಾಕಿ, ಒಂದಕ್ಕೆ ಉತ್ತರ ತಪ್ಪಿಸಿದ್ರೂ ಉಳಿದದ್ದು ಬರುತ್ತೆ. ಅಂದಹಾಗೆ 2014ರ ಕೆರೆ ಸಂರಕ್ಷಣಾ ಕಾಯ್ದೆ ನಮ್ಮ ರಾಜ್ಯದ್ದೇ, ಕೆರೆಗೆ ಕೊಳಚೆ ಬಿಡೋದು ಅದರಲ್ಲೂ ಅಪರಾಧ. 1974ರ ಜಲ ಕಾಯ್ದೆಯಂತೂ ಇದ್ದೇ ಇದೆ.

ಮಲ್ಲಾಪುರದೋನು · 8:59

ಸಾರ್ ಅರ್ಜಿ ನೀವೇ ಬರೆದುಕೊಡ್ತೀರಾ? ನಾವು ಬರೆದಿದ್ದೆಲ್ಲ ಎರಡು ಸಾಲಿಗೆ ಮುಗಿಸಿ ವಾಪಸ್ ಕಳಿಸಿದಾರೆ.

ಕಪ್ಪು_ಕೋಟು · 9:03

ಬರೆದುಕೊಡ್ತೀನಿ. ಭಾನುವಾರ ಕೂತು ಐದು ಅರ್ಜಿ ತಯಾರು ಮಾಡಣ, ಸಹಿ ನಿಮ್ಮೂರಿನೋರದ್ದೇ ಇರಲಿ.

ಬೆಂಗಳೂರಲ್ಲಿರೋ_ದುರ್ಗದೋನು · 9:25

ಬೆಂಗಳೂರಲ್ಲಿ ಕೆರೆ ನೊರೆ ಉಕ್ಕಿ ರಸ್ತೆಗೆ ಬಂದಿದ್ದು ಎಲ್ರಿಗೂ ಗೊತ್ತು, ಆದ್ರೆ ಬದುಕಿದ ಕೆರೆಗಳ ಬಗ್ಗೆ ಯಾರೂ ಮಾತಾಡಲ್ಲ ಅದಕ್ಕೇ ಬರೀತಿದೀನಿ. ಜಕ್ಕೂರು ಕೆರೆ ನೋಡಿ ಬನ್ನಿ. ಅಲ್ಲಿ ಕೊಳಚೆ ಮೊದಲು ಶುದ್ಧೀಕರಣ ಘಟಕಕ್ಕೆ ಹೋಗಿ, ಆಮೇಲೆ ಜೊಂಡು ಬೆಳೆದ ಒಂದು ಜೌಗಿನ ಮೂಲಕ ಹಾದು ಕೆರೆಗೆ ಇಳಿಯುತ್ತೆ. ಘಟಕದಲ್ಲಿ ಉಳಿದ ಸಾರಜನಕ ರಂಜಕನ ಜೊಂಡು ಹೀರಿಕೊಳ್ಳುತ್ತೆ. ಜೆ.ಪಿ. ನಗರದ ಹತ್ರ ಪುಟ್ಟೇನಹಳ್ಳಿ ಕೆರೆಯನ್ನ ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು 2011ರಲ್ಲಿ ಪಾಲಿಕೆ ಜೊತೆ ಒಪ್ಪಂದ ಮಾಡ್ಕೊಂಡು ನೋಡಿಕೊಳ್ಳೋಕೆ ಶುರು ಮಾಡಿದ್ರು. ವಾರಕ್ಕೊಂದು ದಿನದ ಶ್ರಮದಾನ ಅಲ್ಲ ಅದು, ಕಾವಲುಗಾರರಿಗೆ ತಿಂಗಳ ಸಂಬಳ ಕೊಡೋ ತನಕ ಜವಾಬ್ದಾರಿ.

ನಮ್ಮೂರಿಗೆ ಕುಡಿಯೋಕೆ ಶಾಂತಿಸಾಗರದಿಂದ, ವಾಣಿವಿಲಾಸ ಸಾಗರದಿಂದ ಅಷ್ಟು ದೂರದಿಂದ ನೀರು ತರಿಸ್ತೀವಿ. 2022ರಲ್ಲಿ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ, ಕೋಡಿ ಬಿದ್ದಾಗ, 1933 ಆದ ಮೇಲೆ ಅದೇ ಮೊದಲು, ನಾನು ರಜೆ ಹಾಕಿ ನೋಡೋಕೆ ಬಂದಿದ್ದೆ, ಜಾತ್ರೆ ಥರ ಜನ ಇದ್ರು. ಅಷ್ಟು ಕಷ್ಟಪಟ್ಟು ತಂದ ನೀರು ಒಂದೇ ಸಲ ಬಳಸಿ ಇನ್ನೊಬ್ಬರ ಕೆರೆ ಕೆಡಿಸೋಕೆ ಬಿಡ್ತೀವಲ್ಲ, ಅದು ನನಗೆ ಸಹಿಸೋಕಾಗಲ್ಲ.

ಚಳ್ಳಕೆರೆ_ಎಣ್ಣೆ · 9:38

ಬೆಂಗಳೂರು ಕೊಳಚೇನೇ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗೆ ಬಿಡ್ತಿದಾರಲ್ಲ, ಹಂಗೆ ಮಾಡಬಹುದಲ್ವಾ ಇಲ್ಲೂ?

ಬೆಂಗಳೂರಲ್ಲಿರೋ_ದುರ್ಗದೋನು · 9:44

ಮಾಡಬಹುದು. ಆದ್ರೆ ಅಲ್ಲಿ ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡ್ತಾರೆ, ಮೂರನೇ ಹಂತಾನೂ ಬೇಕು ಅಂತ ಕೋಲಾರದ ರೈತರು ಕೇಳ್ತಾನೇ ಇದಾರೆ. ಅದನ್ನ ಮೊದಲೇ ಕೇಳಿ ಇಟ್ಕೊಳ್ಳೋದು ಒಳ್ಳೇದು.

ಗ್ಯಾರೇಜ್_ದುರ್ಗ · 9:50

ಹುಡುಗ್ರು ಇಪ್ಪತ್ತು ಜನ ಬರ್ತಿದಾರಲ್ಲ, ಆ ರಾಜಕಾಲುವೆ ಒಳಗೆ ಇಳಿದು ಒಂದು ದಿನದಾಗೆ ಹೂಳು ಎತ್ತಿಬಿಡಣ.

ಪೈಪು_ಕೆಲಸ · 9:54

ಬೇಡ ಬೇಡ. ಯಾರೂ ಇಳಿಯಂಗಿಲ್ಲ. ಕೊಳಚೆ ಹರಿಯೋ ಮುಚ್ಚಿದ ಚರಂಡಿ ಒಳಗೆ ಗ್ಯಾಸ್ ಇರ್ತೈತೆ, ಒಂದು ಉಸಿರಿಗೆ ಪ್ರಜ್ಞೆ ತಪ್ತೈತೆ, ಎತ್ತಾಕೆ ಇಳಿದೋನೂ ಉಳಿಯಲ್ಲ. ನನ್ನ ಜೊತೆ ಕೆಲಸ ಕಲಿತೋನನ್ನ ನಾನು ಹಿಂಗೇ ಕಳ್ಕೊಂಡೆ. 2013ರ ಕಾಯ್ದೆ ಪ್ರಕಾರ ರಕ್ಷಣೆ ಸಾಮಾನಿಲ್ಲದೆ ಮನುಷ್ಯರನ್ನ ಇಳಿಸೋದೇ ಅಪರಾಧ. ಅದು ಮಿಷನ್ ಕೆಲಸ, ಮಿಷನ್ ಕಳಿಸಿ ಅಂತ ಕೇಳೋದು ನಮ್ ಹಕ್ಕು.

ನಾವು ಮಾಡಬೇಕಾದ್ದು ಬೇರೆ. ಹೊಂಡದಿಂದ ಕೆರೆ ತನಕ ಮೇಲೆ ಮೇಲೇ ನಡಕೊಂಡು ಹೋಗಣ, ಎಲ್ಲೆಲ್ಲಿ ಪೈಪು ಬಂದು ಚರಂಡಿಗೆ ಬೀಳ್ತಾವೋ ಅಲ್ಲೆಲ್ಲ ಗುರುತು ಹಾಕಣ. ಯಾವ ಪೈಪಲ್ಲಿ ಏನು ಬರ್ತೈತೆ ಅಂತ ನಾನು ನೋಡಿದ ತಕ್ಷಣ ಹೇಳ್ತೀನಿ. ಮನೆ ಓನರ್ ಹೆಸರು ಹಾಕಿ ಮರ್ಯಾದೆ ತೆಗೆಯೋದು ಬೇಡ, ಹೋಗಿ ಮಾತಾಡಣ. ಕನೆಕ್ಷನ್ ತಗೋತೀನಿ ಅಂದೋರಿಗೆ ನಮ್ ಹುಡುಗ್ರು ಕೂಲಿ ಇಲ್ಲದೆ ಮಾಡಿಕೊಡ್ತೀವಿ, ಸಾಮಾನಿನ ದುಡ್ಡು ಕೊಟ್ರೆ ಸಾಕು. ಇದು ನಾನು ಎಲ್ಲಾರ ಮುಂದೆ ಹೇಳ್ತಿರೋ ಮಾತು.

ಸಿಹಿನೀರು · 10:01

ಅಣ್ಣ ನಮ್ಮನೆ ಮೊದಲು ಬರಕೊಳ್ಳಿ. ಈಗ ಹೊರಗೆ ಹೋಗಿ ಟಾರ್ಚ್ ಹಾಕಿ ನೋಡಿದೆ, ನಮ್ ಬಚ್ಚಲು ಪೈಪೂ ಚರಂಡಿಗೇ ಬೀಳ್ತೈತೆ.

ಹೊಂಡದ_ಬೀದಿ · 10:20

ಮಧ್ಯಾಹ್ನ ಜಾಲರಿ ಕೇಳಿ ಹೋದೆ, ಈಗ ನೋಡಿದ್ರೆ ಕೆಲಸಾನೇ ಬೇರೆ ಆಗೈತೆ. ಭಾನುವಾರ ಬೆಳಿಗ್ಗೆ ಆರಕ್ಕೆ ಸಂತೆ ಹೊಂಡದ ಮೆಟ್ಟಿಲ ಹತ್ರ ಸೇರಣ. ಅಲ್ಲಿಂದ ನಡಕೊಂಡು ಪೈಪು ಗುರುತು ಮಾಡ್ತಾ ಹೋಗೋದು, ಲ್ಯಾಬ್ ಮೇಡಂ ಹೇಳಿದ ಐದು ಜಾಗದಾಗೆ ನೀರು ಹಿಡಿಯೋದು, ಮಲ್ಲಾಪುರ ಮುಟ್ಟಿದ ಮೇಲೆ ಅರ್ಜಿ ಬರೆಯೋದು. ಅಲ್ಲಿ ಯಾರ ಮನೆ ಜಗುಲಿ ಸಿಗ್ತೈತೆ ಅಣ್ಣ? ಹೊಂಡದ ಕಸ ಎತ್ತೋದು ಶನಿವಾರ ಸಂಜೆಗೆ ಹಾಕ್ಕೊಂಡಿದೀನಿ, ಅದನ್ನೂ ಬಿಡಲ್ಲ. ಆ ಹುಡುಗಿಗೆ ಫೋನ್ ಮಾಡಿ ಇದೆಲ್ಲ ಓದಿ ಹೇಳಿದೆ, ನಕ್ಷೆ ತಾನೇ ಬರೀತೀನಿ ಅಂದ್ಲು.

ಮಲ್ಲಾಪುರದೋನು · 10:34

ನಮ್ಮನೆ ಜಗುಲೀನೇ ಐತೆ, ಮೂವತ್ತು ಜನ ಕೂರಬಹುದು. ಅವ್ವ ಮಂಡಕ್ಕಿ ಮೆಣಸಿನಕಾಯಿ ಮಾಡ್ತೀನಿ ಅಂತಿದಾಳೆ. ವಾಸನೆ ಇರ್ತೈತೆ, ಅದನ್ನ ನಾನೇನೂ ಮಾಡಾಕಾಗಲ್ಲ. ನಮ್ಮಪ್ಪಂಗೂ ಹೇಳಿದೀನಿ, ಕೆರೆ ಹಳೇ ಅಂಗಳ ಎಲ್ಲೀತನಕ ಇತ್ತು ಅಂತ ಅವನಿಗೆ ಗಿಡ ಗಿಡಾನೂ ಗೊತ್ತು, ಸರ್ವೆ ನಕ್ಷೆ ಬಂದ ಮೇಲೆ ತಾಳೆ ನೋಡಬಹುದು.

ಲ್ಯಾಬ್_ಕೋಟು · 10:41

ಬಾಟ್ಲಿ ನಾನು ತರ್ತೀನಿ, ಐಸ್ ಬಾಕ್ಸ್ ಯಾರಾದ್ರೂ ತನ್ನಿ. ಎಲ್ರೂ ಕೈಗವಸು ಹಾಕಿ, ಕೈಯಲ್ಲಿ ಗಾಯ ಇರೋರು ನೀರು ಮುಟ್ಟಬೇಡಿ.

ಬೆಣ್ಣೆ_ನಗರಿ · 10:44

ಐಸ್ ಬಾಕ್ಸ್ ನಂದೈತ್ರಿ, ಬೆಣ್ಣೆ ತರೋದು. ತೊಳೆದು ತರ್ತೀನಿ. ಮೊದಲ ಬಸ್ಸಿಗೆ ಹೊರಡ್ತೀನಿ, ಆರಕ್ಕ ಮುಟ್ಟೋದು ಕಷ್ಟ, ಆರೂವರೆತನಕ ಕಾಯ್ರಿ.

ಬೆಸ್ತರ_ಕೇರಿ · 10:52

ತೆಪ್ಪ ಬೇಕಾ? ಕೆರೆ ಮಧ್ಯದ ನೀರು ತೆಗೆಯೋಕೆ ದಡದಿಂದ ಆಗಲ್ಲ. ನಮ್ಮಣ್ಣಂದು ಐತೆ, ಟೆಂಪೋ ಸಿಕ್ರೆ ತರ್ತೀವಿ.

ಗ್ಯಾರೇಜ್_ದುರ್ಗ · 10:53

ಟೆಂಪೋ ನಂದು. ಶನಿವಾರ ರಾತ್ರೀನೇ ಬರ್ತೀನಿ, ಎಲ್ಲಿಗೆ ಬರ್ಬೇಕು ಹೇಳಿ.